ಮುಟ್ಟಿ ನೋಡುವೆನೆಂದ ತೋಮಾಸರು



ಜುಲೈ 3 ಪ್ರೇಷಿತ ಸಂತ ತೋಮಾಸರ ಹಬ್ಬ. ಗಾಯದ ಗುರುತನ್ನು ಮುಟ್ಟಿ ನೋಡದೆ ನಂಬಲಾರೆ ಎಂದವರನ್ನು ನಾವು 'ಸಂಶಯದ ತೋಮಾಸ' ಎಂದು ಕರೆದು ಸುಮ್ಮನಾಗುತ್ತೇವೆ. ಪ್ರಭು ಯೇಸುವಾದರೋ ಅವರನ್ನು ಗದರಿ ಹೊರಗೆ ಕಳಿಸಲಿಲ್ಲ. ಕೈ ಚಾಚಲು ಹೇಳಿ ತಮ್ಮ ಗಾಯಗಳನ್ನೇ ಮುಂದೊಡ್ಡಿದರು.

ನಮ್ಮ ಚಿಕ್ಕಬಾಣಾವರದ ಕಡೆ ನೋಡೋಣ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದವರು ಮಗುವಿನ ಜ್ವರಕ್ಕೆ, ಕಳೆದ ಒಡವೆಗೆ, ಕೂಡಿಬರದ ಮದುವೆಗೆ ಪರಿಹಾರ ಕೇಳಲು 'ಎಲ್ಲ ಕಾಣುವವರ' ಬಾಗಿಲಲ್ಲಿ ನಿಲ್ಲುವುದುಂಟು. 'ನಿಮ್ಮ ಮನೆಯಲ್ಲಿ ಒಬ್ಬರಿಗೆ ಮೈ ಹುಷಾರಿಲ್ಲ' ಎನ್ನುತ್ತಾರೆ. ಯಾರ ಮನೆಯಲ್ಲಿಲ್ಲ? ನಾವೇ ತಲೆಯಾಡಿಸಿ, ಹೆಸರು ಬಾಯಿಬಿಟ್ಟು, ಆಮೇಲೆ ಅವರೇ ಹೇಳಿದರೆಂದು ಬೆರಗಾಗುತ್ತೇವೆ. ತಪ್ಪಿದ ಹತ್ತು ಮಾತು ಮರೆತುಹೋಗಿ, ತಾಕಿದ ಒಂದು ಮಾತು ಊರೆಲ್ಲ ಸುತ್ತುತ್ತದೆ. ಪ್ರಶ್ನಿಸಿದರೆ 'ನಿಮಗೆ ವಿಶ್ವಾಸವಿಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ.

1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಅವರು ಭೌತಶಾಸ್ತ್ರದ ಮೇಷ್ಟ್ರು, ಗಾಂಧಿವಾದಿ, ವಿಚಾರವಾದಿ. ಪಾಂಡವಪುರದಲ್ಲಿ ವಿಭೂತಿ ಸೃಷ್ಟಿಸುತ್ತಾನೆಂದು ಹೆಸರಾಗಿದ್ದ ಪುಟ್ಟ ಬಾಲಕನೊಬ್ಬನನ್ನು ಸಮಿತಿ ಪರೀಕ್ಷಿಸಿದಾಗ, ವಿಭೂತಿ ಇದ್ದದ್ದು ಅವನ ಬಟ್ಟೆಯೊಳಗೆ. (ಆ ಮಗುವನ್ನು ದೂರಬೇಡಿ, ಹಿಂದೆ ದೊಡ್ಡವರಿಲ್ಲದೆ ಇಂಥದ್ದು ನಡೆಯುವುದಿಲ್ಲ.) ಸತ್ಯ ಸಾಯಿಬಾಬಾರವರಿಗೂ ಪತ್ರ ಬರೆದು ಪರೀಕ್ಷೆಗೆ ಆಹ್ವಾನಿಸಿದರು, ಅವರು ಒಪ್ಪಲಿಲ್ಲ. ಉಂಗುರವೇಕೆ, ಕೈಯಲ್ಲಿ ಅಡಗಿಸಲಾಗದ ಕುಂಬಳಕಾಯಿ ಬರಿಸಲಿ ಎಂಬ ಅವರ ಮಾತು ಇಂದಿಗೂ ಜನರ ಬಾಯಲ್ಲಿದೆ.

ಇದು ಬೇರೆಯವರ ಮನೆಯ ಸುದ್ದಿಯೆಂದು ನಾವು ನಗುವಂತಿಲ್ಲ. ಜಪಸರ ಹಿಡಿದು ಕಣಿ ಹೇಳಿದರೂ ಅದು ಕಣಿಯೇ. ಕಥೋಲಿಕ ಧರ್ಮೋಪದೇಶ ಗ್ರಂಥದ 2116ನೆಯ ಪರಿಚ್ಛೇದ ಅದೆಲ್ಲವನ್ನೂ ತಳ್ಳಿಹಾಕುತ್ತದೆ. ನಮ್ಮ ಲೂರ್ದು ಕ್ಷೇತ್ರವನ್ನೇ ನೋಡಿ. ಗುಣವಾಯಿತೆಂದು ಅಲ್ಲಿ ದಾಖಲಾದವರು 7,000ಕ್ಕೂ ಹೆಚ್ಚು. ಧರ್ಮಸಭೆ ಪವಾಡವೆಂದು ಒಪ್ಪಿದ್ದು 70ಕ್ಕಿಂತ ತುಸು ಹೆಚ್ಚು ಮಾತ್ರ. ಯಾವ ಧರ್ಮದ ವೈದ್ಯರಾದರೂ ಅಲ್ಲಿಯ ವೈದ್ಯಕೀಯ ಕಚೇರಿಗೆ ಬಂದು ಪರಿಶೀಲನೆಯಲ್ಲಿ ಭಾಗವಹಿಸಬಹುದು. ಮಾತೆ ಮರಿಯಮ್ಮನವರ ಮೇಲಿನ ಭಕ್ತಿ ಅದರಿಂದ ಕುಂದಿಲ್ಲ.

ಯಾರದೋ ಮಾತು ಕೇಳಿ ಸಕ್ಕರೆ ಕಾಯಿಲೆಯ, ಫಿಟ್ಸ್‌ನ ಮಾತ್ರೆ ನಿಲ್ಲಿಸಿದವರು ನಮ್ಮಲ್ಲಿದ್ದರೆ, ಬಲಿಪೂಜೆಯ ಬಳಿಕ ಡಾಕ್ಟರ ಚೀಟಿ ಹಿಡಿದು ಬನ್ನಿ. ಮೊದಲು ಆಸ್ಪತ್ರೆಗೆ ಹೋಗೋಣ. ಜಪಸರ ಬಸ್ಸಿನಲ್ಲೇ ಹೇಳೋಣ.