ಮಾನ ಕಾಯುವ ಮೌನ: ಸಂತ ಜೋಸೆಫರ ಹಬ್ಬದ ಪ್ರಬೋಧನೆ



ಮಾರ್ಚ್ 19ರಂದು ನಾವು ಆಚರಿಸುವ ಹಬ್ಬ ಸಂತ ಜೋಸೆಫರದು. ಶುಭಸಂದೇಶಗಳಲ್ಲಿ ಅವರಾಡಿದ ಒಂದು ಮಾತೂ ದಾಖಲಾಗಿಲ್ಲ. ಮರಿಯಮ್ಮನವರು ಗರ್ಭವತಿಯೆಂದು ತಿಳಿದಾಗ ಅವರು ಊರ ಮುಂದೆ ದೂರಬಹುದಿತ್ತು. ಆದರೆ ಆಕೆಯ ಮಾನ ಬೀದಿಗೆ ಬರಬಾರದೆಂದು ಸದ್ದಿಲ್ಲದೆ ಬಿಟ್ಟುಬಿಡಲು ಯೋಚಿಸಿದರು. ದೇವದೂತನಿಂದ ನಿಜಸಂಗತಿ ತಿಳಿದದ್ದು ಆಮೇಲೆ. ಮೊದಲೇ ಬಾಯಿಬಿಟ್ಟಿದ್ದರೆ ಆ ಮಾತನ್ನು ಹಿಂದಕ್ಕೆ ಪಡೆಯಲಾಗುತ್ತಿತ್ತೇ?

ನಮ್ಮ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಶಾಸನಸ್ತಂಭ ಸಿಕ್ಕಿದೆ. ಸುಮಾರು 1500 ವರ್ಷಗಳ ಹಿಂದೆ ದೇವಾಲಯಕ್ಕೆ ಬಿಟ್ಟ ದತ್ತಿಯನ್ನು ಕಲ್ಲಿನಲ್ಲಿ ಕೊರೆಸಿದ್ದು ಎಲ್ಲರೂ ಓದಲೆಂದೇ. ನೆರೆಯವರ ತಪ್ಪು ಹಾಗೆ ಕೊರೆಯುವಂಥದ್ದಲ್ಲ.

ಜಗಳದ ಆರಂಭವನ್ನು ಜ್ಞಾನೋಕ್ತಿಗಳು (17:14) ಕಟ್ಟೆಯೊಡೆದ ನೀರಿಗೆ ಹೋಲಿಸುತ್ತವೆ. ಕೆರೆ ಏರಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆಯ ಬದು, ತೋಟದ ನೀರು, ಅಣ್ಣತಮ್ಮಂದಿರ ಪಾಲು, ವ್ಯಾಜ್ಯ ಯಾವುದೇ ಇರಲಿ, ಮೊದಲು ಆ ವ್ಯಕ್ತಿಯೊಡನೆ ಒಂಟಿಯಾಗಿ ಮಾತು. ಬಗೆಹರಿಯದಿದ್ದರೆ ಒಬ್ಬಿಬ್ಬರ ಜೊತೆ. ಕೊನೆಗೆ ಧರ್ಮಸಭೆಯ ಮುಂದೆ. ಯೇಸುಸ್ವಾಮಿ ಕಲಿಸಿದ ಕ್ರಮವಿದು (ಮತ್ತಾಯ 18:15-17). ಇಂದು ಸುದ್ದಿ ವಾಟ್ಸಾಪ್ ಗುಂಪಿಗೆ ಮೊದಲು ಮುಟ್ಟುತ್ತದೆ, ಆ ಮನೆಗೆ ಕೊನೆಗೆ.

ಆದರೆ ಗುಟ್ಟು ಕಾಯುವುದೆಂದರೆ ಅನ್ಯಾಯ ಮುಚ್ಚಿಡುವುದಲ್ಲ. ಹೆಂಗಸು ಹೊಡೆತ ತಿನ್ನುತ್ತಿದ್ದರೆ ಸುಮ್ಮನಿರಬಾರದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದರೆ ದೂರು ಕೊಡಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಹೆರೋದನಿಂದ ಕಂದನಿಗೆ ಅಪಾಯವೆಂದಾಗ ಜೋಸೆಫರು ರಾತ್ರಿಯೇ ಎದ್ದು ಹೊರಟರು. ಅವರ ಮೌನವೂ ನಡೆಯೂ ಕಾದದ್ದು ಅಸಹಾಯಕರನ್ನೇ.

ಈ ವಾರ ಮುನಿಸಿಕೊಂಡ ಒಂದು ಮನೆಗೆ ನಾವೇ ಹೋಗೋಣ. ಅಲ್ಲಿ ಆಡಿದ್ದನ್ನು ಅಲ್ಲಿಯೇ ಬಿಟ್ಟು ಬರೋಣ.

ಸಂತ ಜೋಸೆಫರೇ, ನಮಗಾಗಿ ಪ್ರಾರ್ಥಿಸಿರಿ. ಆಮೆನ್.