ಸಾಕಿದ ಪ್ರಾಣಿಗಳ ಮೇಲಿನ ಹಿಂಸೆ



ನರಗುಂದ ಎಂದೊಡನೆ ನಿಮ್ಮ ನೆನಪಿಗೆ ಬರುವುದು 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಬಾಬಾಸಾಹೇಬ ಹಾಗೂ 1980ರ ಜುಲೈ ತಿಂಗಳಲ್ಲಿ ನಡೆದ ರೈತ ಹೋರಾಟ. ಇವೆರಡೂ ಮನುಷ್ಯರು ತಮ್ಮ ಮೇಲಿನ ಅನ್ಯಾಯವನ್ನು ಬಾಯಿಬಿಟ್ಟು ಹೇಳಿದ ಘಟನೆಗಳು. ಹೇಳಲಾರದ ಜೀವಗಳೂ ಇದೇ ಊರಿನಲ್ಲಿವೆ. ಎರೆಭೂಮಿಯನ್ನು ಉಳುವ ಎತ್ತು, ಬಾಗಿಲಲ್ಲಿ ಕಟ್ಟಿದ ನಾಯಿ, ಪಡಸಾಲೆಯ ಪಂಜರದಲ್ಲಿ ಕುಳಿತ ಗಿಳಿ ಇವೆಲ್ಲ ನಮ್ಮ ಮನೆಯವೇ. ಅವುಗಳಿಗೆ ಆಗುವ ಹಿಂಸೆಯ ವಿಷಯವಾಗಿ ನಾಲ್ಕು ಮಾತು ಆಡಬೇಕಾಗಿದೆ. ಕಾಡಿನ ಹುಲಿಯ ಬಗ್ಗೆ ಮಾತನಾಡುವುದು ಸುಲಭ, ಏಕೆಂದರೆ ಅಲ್ಲಿ ತಪ್ಪಿತಸ್ಥ ಯಾರೋ ದೂರದ ಬೇಟೆಗಾರ. ಇಲ್ಲಿ ತಪ್ಪಿತಸ್ಥ ನಮ್ಮ ಕಾಕಾನೋ, ಪಕ್ಕದ ಮನೆಯ ಮಾವನೋ, ಕೆಲವೊಮ್ಮೆ ನಾವೋ ಆಗಿರುತ್ತೇವೆ.

ಮೊದಲು ಎತ್ತಿನ ಮಾತು. ಕಾರಹುಣ್ಣಿಮೆಯ ದಿನ ಗದಗ ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ, ಹೋಳಿಗೆ ತಿನ್ನಿಸಿ ಮೆರವಣಿಗೆ ಮಾಡುವುದನ್ನು ಕಾಣುತ್ತೀರಿ. ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಮಣ್ಣಿನ ಎತ್ತುಗಳಿಗೆ ಪೂಜೆ. ಇದು ತೋರಿಕೆಯಲ್ಲ. ಬೇಸಾಯಗಾರನಿಗೆ ಎತ್ತು ನಿಜವಾಗಿಯೂ ಬಸವಣ್ಣನೇ. ಆದರೆ ಅದೇ ಎತ್ತಿನ ಹೆಗಲನ್ನು ಒಮ್ಮೆ ಹತ್ತಿರದಿಂದ ನೋಡಿ. ನೊಗ ಉಜ್ಜಿ ಉಜ್ಜಿ ಚರ್ಮ ದಪ್ಪಗಟ್ಟಿ, ಒಡೆದು, ಹುಣ್ಣಾಗಿರುವ ಹೆಗಲುಗಳು ಇಂದಿಗೂ ಇವೆ. ಆ ಹುಣ್ಣಿನ ಮೇಲೆಯೇ ಮರುದಿನ ನೊಗ ಕೂರುತ್ತದೆ. ತುದಿಗೆ ಮೊಳೆ ಬಡಿದ ಕೋಲಿನಿಂದ ಚುಚ್ಚುವುದು, ಬಾಲ ತಿರುಚುವುದು, ಏರಿನಲ್ಲಿ ನಿಂತುಹೋದ ಗಾಡಿಯ ಎತ್ತಿಗೆ ಬಾರುಕೋಲಿನಿಂದ ಬಾಸುಂಡೆ ಬರುವಂತೆ ಹೊಡೆಯುವುದು, ಇವೆಲ್ಲ ಎಷ್ಟು ರೂಢಿಯಾಗಿವೆಯೆಂದರೆ ನೋಡುವವರಿಗೆ ಹಿಂಸೆಯೆಂದು ಅನ್ನಿಸುವುದೇ ಇಲ್ಲ.

ಗಾಡಿ ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳಿಗಾಗಿ 1965ರಲ್ಲಿಯೇ ಕೇಂದ್ರ ಸರಕಾರ ನಿಯಮಗಳನ್ನು ಮಾಡಿದೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು ದುಡಿಸಬಾರದು. ಬಿಡುವಿಲ್ಲದೆ ಸತತವಾಗಿ 5 ಗಂಟೆ ಮೀರಬಾರದು. ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆಗಳಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಹೂಡಬಾರದು. ಮುಳ್ಳು, ಗುಬ್ಬಿಗಳಿರುವ ನೊಗ, ಕಡಿವಾಣಗಳನ್ನು ಬಳಸಬಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕಡೆ ಬಿಸಿಲು ಹೇಗಿರುತ್ತದೆಂದು ನಿಮಗೆ ಗೊತ್ತು. ಈ ನಿಯಮವನ್ನು ಓದಿದ ಗಾಡಿಯ ಒಡೆಯ ನಿಮ್ಮೂರಿನಲ್ಲಿ ಎಷ್ಟು ಜನರಿದ್ದಾರೆ? ಹಾಗೆ ನೋಡಿದರೆ, ಅದನ್ನು ಅವರಿಗೆ ಓದಿ ಹೇಳಿದವರು ಎಷ್ಟು ಜನ?

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಪಟ್ಟಣದಲ್ಲಿ ಕುಳಿತು ಹಳ್ಳಿಯ ರೈತನನ್ನು ಕ್ರೂರಿ ಎಂದು ಕರೆಯುವುದು ನ್ಯಾಯವಲ್ಲ. ಮಳೆ ಕೈಕೊಟ್ಟ ವರ್ಷ ಕಣಕಿಯ ಬೆಲೆ ಏರಿ, ತನಗೇ ಊಟಕ್ಕಿಲ್ಲದಾಗ ಎತ್ತನ್ನು ಅರೆಹೊಟ್ಟೆಯಲ್ಲಿ ಕಟ್ಟುವವನ ಸಂಕಟ ಬೇರೆ. ಮೋಜಿಗಾಗಿ ನಾಯಿಯ ಬಾಲಕ್ಕೆ ಪಟಾಕಿ ಕಟ್ಟುವವನ ಮನಸ್ಸು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹೆಗಲ ಹುಣ್ಣಿಗೆ ಮುಲಾಮು ಹಚ್ಚಿ ಎಂಟು ದಿನ ನೊಗ ಹೂಡದಿರಲು ರೈತನಿಗೆ ಮನಸ್ಸಿರುತ್ತದೆ, ಬಿತ್ತನೆಯ ಹದ ಮಾತ್ರ ಕಾಯುವುದಿಲ್ಲ. ಆದ್ದರಿಂದ ಅವನೊಡನೆ ಆಡುವ ಮಾತು ಬಯ್ಗುಳದಿಂದ ಆರಂಭವಾಗಬಾರದು. ಮೊಳೆಯ ಕೋಲಿಗೆ ಮಾತ್ರ ಯಾವ ಬಡತನದ ನೆವವೂ ಇಲ್ಲ.

ಜಾತ್ರೆಗಳಲ್ಲಿ ನಡೆಯುವ ಎತ್ತಿನ ಗಾಡಿ ಓಟದ ವಿಷಯ ಬಂದಾಗ ವಾದ ಬಿಸಿಯಾಗುತ್ತದೆ. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಹಾಗೂ ಗಾಡಿ ಓಟಗಳನ್ನು ನಿಷೇಧಿಸಿತು. ಹಸಿವು ಬಾಯಾರಿಕೆಗಳಿಂದ, ನೋವಿನಿಂದ, ಭಯದಿಂದ ಮುಕ್ತವಾಗಿರುವುದೂ ಸೇರಿದಂತೆ ಪ್ರಾಣಿಗಳಿಗೆ ಐದು ಬಗೆಯ ಸ್ವಾತಂತ್ರ್ಯಗಳಿವೆ ಎಂದು ಆ ತೀರ್ಪು ಹೇಳಿತು. ಆಮೇಲೆ ಕರ್ನಾಟಕ 2017ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಅವಕಾಶ ಮಾಡಿಕೊಟ್ಟಿತು. 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಪೀಠ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹಾಗೆಂದ ಮಾತ್ರಕ್ಕೆ ಓಟದ ಹೋರಿಗೆ ಮೊಳೆ ಚುಚ್ಚಲು, ಕಣ್ಣಿಗೆ ಖಾರ ಹಾಕಲು ಪರವಾನಿಗೆ ಸಿಕ್ಕಿತೆಂದು ತಿಳಿಯಬಾರದು. ಓಟಕ್ಕೆ ಅನುಮತಿಯಿದೆ, ಹಿಂಸೆಗಿಲ್ಲ.

ಈ ಕಾಯ್ದೆಯ ಹಿಂದೆ ಒಬ್ಬ ಕಲಾವಿದೆ ಇದ್ದಾರೆಂಬುದು ಅನೇಕರಿಗೆ ಗೊತ್ತಿಲ್ಲ. ಭರತನಾಟ್ಯಕ್ಕೆ ಹೊಸ ಜೀವ ಕೊಟ್ಟ ರುಕ್ಮಿಣಿದೇವಿ ಅರುಂಡೇಲ್ 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡರು. ಬ್ರಿಟಿಷರ ಕಾಲದ 1890ರ ಕಾಯ್ದೆ ಸಾಲದೆಂದು ಅವರು ಖಾಸಗಿ ಮಸೂದೆಯೊಂದನ್ನು ಮಂಡಿಸಿದರು. ಸರಕಾರವೇ ಮಸೂದೆ ತರುವುದಾಗಿ ಪ್ರಧಾನಿ ನೆಹರೂ ಭರವಸೆ ಕೊಟ್ಟ ಮೇಲೆ ಅದನ್ನು ಹಿಂದಕ್ಕೆ ಪಡೆದರು. ಹೀಗೆ ಹುಟ್ಟಿದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. 1962ರಲ್ಲಿ ಸ್ಥಾಪನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

ಆ ಕಾಯ್ದೆಯ 11ನೆಯ ಕಲಮನ್ನು ನೀವು ಓದಬೇಕು. ಹೊಡೆಯುವುದು, ಒದೆಯುವುದು ಅಪರಾಧವೆಂಬುದು ನಿರೀಕ್ಷಿತವೇ. ಅದರ ಜೊತೆಗೆ ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ದೀರ್ಘ ಕಾಲ ಕಟ್ಟುವುದೂ ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅಪರಾಧ. ಅನ್ನ, ನೀರು, ನೆರಳು ಕೊಡದಿರುವುದು, ಸಾಕಿದ್ದನ್ನು ಬೀದಿಗೆ ಬಿಟ್ಟು ಹೋಗುವುದು ಕೂಡ ಅಪರಾಧವೇ.

ನರಗುಂದದಿಂದ ಮುಧೋಳ ಬಹಳ ದೂರವೇನಿಲ್ಲ. ಮುಧೋಳ ನಾಯಿಯ ಹೆಸರು ಕೇಳದವರಿಲ್ಲ. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿ ಹೊರತಂದಿತು; ಮುಂದೆ ಭಾರತೀಯ ಸೇನೆಯೂ ಈ ತಳಿಗೆ ತರಬೇತಿ ಕೊಟ್ಟಿತು. ಉದ್ದ ಕಾಲು, ಆಳವಾದ ಎದೆ, ಒಳಸೇರಿದ ಹೊಟ್ಟೆ, ಇಡೀ ದೇಹವೇ ಓಡುವುದಕ್ಕಾಗಿ ಇದೆ. ಮೊಲದ ಬೆನ್ನಟ್ಟಿ ಬಯಲಿನಲ್ಲಿ ಹಾರಬೇಕಾದ ಈ ನಾಯಿಯನ್ನು ಪ್ರತಿಷ್ಠೆಗೆಂದು ಕೊಂಡು ತಂದು, ಮನೆಯ ಮಾಳಿಗೆಯ ಮೇಲೆ ಮೂರು ಅಡಿ ಸರಪಳಿಯಲ್ಲಿ ಕಟ್ಟಿದರೆ ಅದಕ್ಕೆ ಏನಾಗಬೇಡ? ಮೊದಲು ಬೊಗಳುತ್ತದೆ. ಆಮೇಲೆ ಒಂದೇ ಜಾಗದಲ್ಲಿ ಸುತ್ತತೊಡಗುತ್ತದೆ, ತನ್ನ ಕಾಲನ್ನು ತಾನೇ ನೆಕ್ಕಿ ಹುಣ್ಣು ಮಾಡಿಕೊಳ್ಳುತ್ತದೆ, ಕೊನೆಗೆ ಮನೆಯವರನ್ನೇ ಕಚ್ಚುತ್ತದೆ. ಆಗ ‘ಕೆಟ್ಟ ನಾಯಿ’ ಎಂಬ ಹೆಸರು ಕೊಟ್ಟು ಊರ ಹೊರಗೆ ಬಿಟ್ಟು ಬರುತ್ತಾರೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ತೇಕುವುದೇ ಅದರ ಮುಖ್ಯ ತಂಪುಸಾಧನ. ನೆರಳಿಲ್ಲದ ಮಾಳಿಗೆಯ ಮೇಲೆ, ಬುಡಮೇಲಾದ ನೀರಿನ ಪಾತ್ರೆಯ ಪಕ್ಕದಲ್ಲಿ, ಬೇಸಿಗೆಯ ಒಂದೇ ಮಧ್ಯಾಹ್ನ ಅದರ ಪ್ರಾಣಕ್ಕೆ ಸಾಕು.

ಇದಕ್ಕಿಂತ ಸದ್ದಿಲ್ಲದ ಇನ್ನೊಂದು ಹಿಂಸೆ ಇದೆ. ಮಕ್ಕಳು ಪ್ರೀತಿಯಿಂದಲೇ ನಾಯಿಮರಿಯ ಕೊರಳಿಗೆ ಹಗ್ಗವನ್ನೋ ಪ್ಲಾಸ್ಟಿಕ್ ದಾರವನ್ನೋ ಕಟ್ಟುತ್ತಾರೆ. ಮರಿ ಬೆಳೆಯುತ್ತದೆ, ಹಗ್ಗ ಬೆಳೆಯುವುದಿಲ್ಲ. ಕೂದಲ ಒಳಗೆ ಮರೆಯಾದ ಹಗ್ಗ ಚರ್ಮವನ್ನು ಕೊಯ್ದು ಮಾಂಸಕ್ಕೆ ಇಳಿಯುತ್ತದೆ. ನೊಣ ಕೂತು ಹುಳು ಬೀಳುತ್ತವೆ. ವಾಸನೆ ಬಂದಾಗ ಮನೆಯವರು ನಾಯಿಯನ್ನು ಹೊರಗೆ ಅಟ್ಟುತ್ತಾರೆ. ಪಶುವೈದ್ಯರನ್ನು ಕೇಳಿ ನೋಡಿ, ಇಂಥ ಕೊರಳುಗಳನ್ನು ಅವರು ಕಂಡೇ ಇರುತ್ತಾರೆ. ಕೊರಳಪಟ್ಟಿಯ ಒಳಗೆ ನಿಮ್ಮ ಎರಡು ಬೆರಳು ಸರಾಗವಾಗಿ ಹೋಗಬೇಕು. ಮರಿಯಾದರೆ ವಾರಕ್ಕೊಮ್ಮೆ ಪರೀಕ್ಷಿಸಬೇಕು. ಅಷ್ಟು ಮಾಡಿದರೆ ಈ ಗಾಯವೇ ಆಗುವುದಿಲ್ಲ.

ಗಿಳಿಯ ವಿಷಯ ಬೇರೆ. ನಮ್ಮ ಹೊಲಗಳಲ್ಲಿ ಹಾರಾಡುವ ಕೆಂಪು ಕೊಕ್ಕಿನ ಹಸಿರು ಗಿಳಿಯನ್ನು ಪಂಜರದಲ್ಲಿ ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ. ನಕ್ಷತ್ರ ಆಮೆಗೂ ಇದೇ ಮಾತು. ಆದರೆ ಈ ಮಾತು ಕೇಳಿ ಉತ್ಸಾಹದಿಂದ ಪಂಜರದ ಬಾಗಿಲು ತೆಗೆದುಬಿಡಬೇಡಿ. ವರ್ಷಗಟ್ಟಲೆ ಪಂಜರದಲ್ಲಿದ್ದ, ರೆಕ್ಕೆ ಕತ್ತರಿಸಿದ ಗಿಳಿಗೆ ಹಾರಲೂ ಬಾರದು, ಕಾಳು ಹುಡುಕಲೂ ಬಾರದು. ಸಂಜೆಯೊಳಗೆ ಬೆಕ್ಕಿನ ಬಾಯಿಗೆ ಬೀಳುತ್ತದೆ. ಅದನ್ನು ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು.

ಬಿಡಿಸುವುದೆಂದರೆ ಬರೀ ಕಟ್ಟು ಬಿಚ್ಚುವುದಲ್ಲ ಎನ್ನುವುದಕ್ಕೆ ಕರಡಿ ಕುಣಿತದ ಕತೆ ಒಳ್ಳೆಯ ಉದಾಹರಣೆ. ಕರಡಿಮರಿಯ ಮೂಗಿಗೆ ತೂತು ಹಾಕಿ ಹಗ್ಗ ಪೋಣಿಸಿ, ಊರೂರು ಕುಣಿಸಿ ಖಲಂದರರು ಹೊಟ್ಟೆ ಹೊರೆಯುತ್ತಿದ್ದರು. ನಿಮ್ಮ ತಂದೆತಾಯಂದಿರು ಅದನ್ನು ನೋಡಿಯೇ ಇರುತ್ತಾರೆ. ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆ ಸರಕಾರದ ಜೊತೆಗೂಡಿ ದೇಶದಾದ್ಯಂತ 600ಕ್ಕೂ ಹೆಚ್ಚು ಕರಡಿಗಳನ್ನು ಬಿಡಿಸಿತು. ಬೆಂಗಳೂರಿನ ಬನ್ನೇರುಘಟ್ಟದಲ್ಲಿಯೂ ಅವುಗಳಿಗೆ ಆಶ್ರಯಧಾಮ ಆಯಿತು. ಕೊನೆಯದೆಂದು ಹೇಳಲಾದ ಕರಡಿ 2009ರಲ್ಲಿ ಅಲ್ಲಿಗೇ ಬಂದು ಸೇರಿತು. ಕರಡಿಯನ್ನು ಕಿತ್ತುಕೊಂಡು ಮಾಲೀಕನನ್ನು ಜೈಲಿಗೆ ಹಾಕಿದ್ದರೆ ಅವನು ಹೊರಬಂದು ಇನ್ನೊಂದು ಮರಿ ತರುತ್ತಿದ್ದ. ಅವನಿಗೆ ಬೇರೆ ಉದ್ಯೋಗಕ್ಕೆ ಬಂಡವಾಳ, ಮಕ್ಕಳಿಗೆ ಓದು ಕೊಟ್ಟದ್ದರಿಂದ ಕುಣಿತ ನಿಂತಿತು.

ಇನ್ನು ನಿಮ್ಮ ಓಣಿಗೆ ಬರೋಣ. ಪಕ್ಕದ ಮನೆಯಲ್ಲಿ ನಾಯಿಗೆ ಹೊಡೆತ ಬೀಳುತ್ತಿದೆ, ದಿನವಿಡೀ ಅದು ಬಿಸಿಲಲ್ಲಿ ಕಟ್ಟಿಸಿಕೊಂಡಿದೆ. ನೀವು ಏನು ಮಾಡುತ್ತೀರಿ? ‘ಅವರ ನಾಯಿ, ಅವರ ಇಚ್ಛೆ, ನಮಗ್ಯಾಕ ಉಸಾಬರಿ’ ಎಂದು ಹಿರಿಯರು ಹೇಳುತ್ತಾರೆ. ಸಣ್ಣ ಊರಿನಲ್ಲಿ ನೆರೆಯವರ ಮೇಲೆ ದೂರು ಕೊಟ್ಟು ನಾಳೆ ಮುಖ ತೋರಿಸುವುದು ಕಷ್ಟವೆಂಬುದೂ ಸುಳ್ಳಲ್ಲ. ಆದ್ದರಿಂದ ಮೊದಲು ಮನೆಗೆ ಹೋಗಿ ಮಾತನಾಡಿ. ‘ಕಾಕಾರೇ, ಸಂಜಿ ಮುಂದ ನಾ ಅದನ್ನ ಅಡ್ಯಾಡಿಸಿಕೊಂಡು ಬರ್ತೀನ್ರಿ’ ಎಂದು ಕೇಳಿದರೆ ಬೇಡವೆನ್ನುವವರು ಕಡಿಮೆ. ಅದು ಫಲಿಸದಿದ್ದರೆ ಪಶು ಆಸ್ಪತ್ರೆಯ ವೈದ್ಯರಿಂದ ಹೇಳಿಸಿ. ಅವರ ಮಾತಿಗೆ ಬೆಲೆಯಿದೆ. ಅದಕ್ಕೂ ಬಗ್ಗದಿದ್ದರೆ ದೂರು.

ದೂರಿನ ವಿಷಯದಲ್ಲಿ ಕಾನೂನಿನ ಬಲವನ್ನೂ ಅದರ ದೌರ್ಬಲ್ಯವನ್ನೂ ತಿಳಿದಿರಬೇಕು. 11ನೆಯ ಕಲಮಿನ ಪ್ರಕಾರ ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ದಶಕಗಳ ಹಿಂದೆ ನಿಗದಿಯಾದ ಈ ಮೊತ್ತ ಹಾಗೆಯೇ ಉಳಿದುಬಂದಿರುವುದು ನನ್ನ ದೃಷ್ಟಿಯಲ್ಲಿ ನಾಚಿಕೆಗೇಡಿನ ಸಂಗತಿ. ಹೊಡೆಯುವುದು, ಕಟ್ಟಿಹಾಕುವುದು ಪೊಲೀಸರು ತಾವಾಗಿ ತನಿಖೆ ಮಾಡಬಹುದಾದ ಸಂಜ್ಞೇಯ ಅಪರಾಧಗಳೂ ಅಲ್ಲ. ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಆದರೆ ಪ್ರಾಣಿಯನ್ನು ಕೊಲ್ಲುವುದು, ವಿಷ ಹಾಕುವುದು, ಅಂಗಹೀನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನ ಕೆಳಗೆ 5 ವರ್ಷದವರೆಗೆ ಸೆರೆವಾಸ ತರಬಲ್ಲ ಅಪರಾಧ. ಹಳೆಯ ದಂಡಸಂಹಿತೆಯಲ್ಲಿ ಪ್ರಾಣಿಯ ಬೆಲೆ ಹತ್ತು ರೂಪಾಯಿಯೋ ಐವತ್ತು ರೂಪಾಯಿಯೋ ಎಂದು ನೋಡಿ ಶಿಕ್ಷೆ ಬದಲಾಗುತ್ತಿತ್ತು. 2024ರ ಜುಲೈ 1ರಿಂದ ಆ ಲೆಕ್ಕ ಹೋಯಿತು. 1960ರ ಕಾಯ್ದೆಯ ಮೊಕದ್ದಮೆಯನ್ನು ಘಟನೆ ನಡೆದ ಮೂರು ತಿಂಗಳೊಳಗೆ ಹೂಡಬೇಕು. ಆದ್ದರಿಂದ ದಿನಾಂಕ, ವೇಳೆ, ಕಂಡದ್ದು ಇವನ್ನು ಅಂದೇ ಬರೆದಿಡಿ, ಸಾಧ್ಯವಾದರೆ ಚಿತ್ರ ತೆಗೆಯಿರಿ, ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಠಾಣೆಗೆ ಹೋಗಿ.

ಗಾಯಗೊಂಡ ಪ್ರಾಣಿ ಎದುರಾದಾಗ ಅವಸರ ಬೇಡ. ನೋವಿನಲ್ಲಿರುವ ನಾಯಿ ತನ್ನ ಒಡೆಯನನ್ನೂ ಕಚ್ಚುತ್ತದೆ. ಎದುರಿನಿಂದ ನುಗ್ಗದೆ, ಕಣ್ಣಲ್ಲಿ ಕಣ್ಣಿಟ್ಟು ದಿಟ್ಟಿಸದೆ, ಪಕ್ಕದಿಂದ ಮೆಲ್ಲಗೆ ಸಮೀಪಿಸಿ, ದಪ್ಪ ಬಟ್ಟೆ ಹೊದಿಸಿ ಎತ್ತಬೇಕು. ಇದು ದೊಡ್ಡವರ ಕೆಲಸ. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚುತ್ತ ಕೂರಬೇಡಿ. ಹುಳುಬಿದ್ದ ಗಾಯಕ್ಕೆ ಸೀಮೆಎಣ್ಣೆ ಸುರಿಯುವುದು ಹಿಂಸೆಯ ಮೇಲೆ ಹಿಂಸೆ. ಮನುಷ್ಯರ ಜ್ವರದ ಗುಳಿಗೆಯನ್ನೂ ಕೊಡಬಾರದು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಪಶು ಆಸ್ಪತ್ರೆಗೆ ಒಯ್ಯಲಾಗದಿದ್ದರೆ 1962 ಸಂಖ್ಯೆಗೆ ದೂರವಾಣಿ ಮಾಡಿ, ಸಂಚಾರಿ ಪಶುಚಿಕಿತ್ಸೆಯ ನೆರವು ಕೇಳಿ.

ಬಹಳ ದಿನ ಉಪವಾಸವಿದ್ದ ಪ್ರಾಣಿಗೆ ಕನಿಕರದಿಂದ ಒಮ್ಮೆಗೇ ಹೊಟ್ಟೆತುಂಬ ಹಾಕಿದರೆ ಸತ್ತೇಹೋಗಬಹುದು. ವೈದ್ಯರು ಹೇಳಿದಷ್ಟನ್ನೇ ಸ್ವಲ್ಪಸ್ವಲ್ಪವಾಗಿ ದಿನಕ್ಕೆ ನಾಲ್ಕಾರು ಸಲ ಕೊಡಬೇಕು. ಹೊಡೆತ ತಿಂದ ನಾಯಿ ಕೈ ಎತ್ತಿದರೆ ಸಾಕು, ನೆಲಕ್ಕೆ ಅಂಟಿಕೊಳ್ಳುತ್ತದೆ; ಕೆಲವಕ್ಕೆ ಪೊರಕೆ ಕಂಡರೂ ಮೂತ್ರ ಬರುತ್ತದೆ. ಅದನ್ನು ಮುಟ್ಟಲು ಆತುರಪಡದೆ, ದಿನವೂ ಒಂದೇ ಹೊತ್ತಿಗೆ, ಒಬ್ಬರೇ, ಅದೇ ತಾಟಿನಲ್ಲಿ ಅನ್ನವಿಟ್ಟು ಸ್ವಲ್ಪ ದೂರದಲ್ಲಿ ಬೆನ್ನು ತಿರುಗಿಸಿ ಕುಳಿತುಕೊಳ್ಳಿ. ಕೆಲವು ನಾಯಿಗಳು ವಾರದಲ್ಲಿ ಹತ್ತಿರ ಬರುತ್ತವೆ, ಕೆಲವು ತಿಂಗಳುಗಟ್ಟಲೆ ಬರುವುದಿಲ್ಲ. ಅಷ್ಟು ದಿನ ಅದನ್ನು ಇಟ್ಟುಕೊಳ್ಳುವ ಮನೆ ಯಾವುದೆಂದು, ಹಗ್ಗ ಬಿಚ್ಚುವ ಮೊದಲೇ ನಿಮ್ಮ ಗೆಳೆಯರೊಡನೆ ಕುಳಿತು ಮಾತನಾಡಿಕೊಳ್ಳಿ.