ಭಾನುವಾರದ ಆಟ

1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಅರ್ಹತಾ ಓಟವು ದೇವರಿಗೆ ಮೀಸಲಾದ ಭಾನುವಾರದಂದು ಬಿದ್ದಿತೆಂಬ ಒಂದೇ ಕಾರಣದಿಂದ ನೂರು ಮೀಟರಿನ ಸ್ಪರ್ಧೆಯನ್ನೇ ತ್ಯಜಿಸಿ, ನಾನೂರು ಮೀಟರಿನ ಓಟದಲ್ಲಿ ಸ್ವರ್ಣಪದಕವನ್ನು ಗಳಿಸಿದ ಸ್ಕಾಟ್ಲೆಂಡಿನ ಎರಿಕ್ ಲಿಡೆಲರು, ಮರುವರ್ಷವೇ ಕೀರ್ತಿಯ ಹಾದಿಯನ್ನು ತೊರೆದು, ತಾವು ಹುಟ್ಟಿದ ಚೀನಾದೇಶಕ್ಕೆ ಮರಳಿ, ಟಿಯಾಂಜಿನ್ ನಗರದ ಮಿಷನ್ ವಿದ್ಯಾಲಯದಲ್ಲಿ ಉಪಾಧ್ಯಾಯರಾದರು.

ಯುದ್ಧದ ಕಾರ್ಮೋಡ ಕವಿಯಲು, ಗರ್ಭಿಣಿಯಾದ ಪತ್ನಿಯನ್ನೂ ಇಬ್ಬರು ಪುತ್ರಿಯರನ್ನೂ 1941ರಲ್ಲಿ ಕೆನಡಾಕ್ಕೆ ಕಳುಹಿಸಿ ತಾವು ಚೀನಾದಲ್ಲಿಯೇ ನಿಂತರು. ಬಳಿಕ ಜನಿಸಿದ ಮೂರನೆಯ ಮಗಳ ಮುಖವನ್ನು ಅವರು ಕಾಣಲೇ ಇಲ್ಲ. 1943ರಲ್ಲಿ ಜಪಾನೀಯರು ಅವರನ್ನಿರಿಸಿದ ವೈಹ್ಸಿಯೆನ್ ಬಂದೀಶಿಬಿರದಲ್ಲಿ, ತಂದೆತಾಯಿಗಳನ್ನಗಲಿದ ಚೀಫೂ ವಸತಿಶಾಲೆಯ ಮಕ್ಕಳು ಅನೇಕರಿದ್ದರು. ಪ್ರಯೋಗಶಾಲೆಯಿಲ್ಲದ ಆ ಸ್ಥಳದಲ್ಲಿ ಲಿಡೆಲರು ಉಪಕರಣಗಳ ಚಿತ್ರಗಳನ್ನು ಕೈಯಿಂದಲೇ ಬರೆದು ರಸಾಯನಶಾಸ್ತ್ರವನ್ನು ಬೋಧಿಸಿದರು.

ಭಾನುವಾರ ಆಟ ಕೂಡದೆಂಬ ನಿಯಮಕ್ಕೆ ಅವರು ಅಲ್ಲಿಯೂ ಬದ್ಧರಾಗಿದ್ದರು. ಆದರೆ ನಿಯಮವನ್ನು ಮೀರಿ ತಾವಾಗಿಯೇ ಹಾಕಿಯಾಡಹೊರಟ ಮಕ್ಕಳು, ತೀರ್ಪುಗಾರರಿಲ್ಲದೆ ಹೊಡೆದಾಟಕ್ಕಿಳಿದ ಸಂಗತಿಯನ್ನರಿತು, ಮುಂದಿನ ಭಾನುವಾರ ತಾವೇ ಮೈದಾನಕ್ಕೆ ಬಂದು ತೀರ್ಪುಗಾರರಾದರು. ಲೋಕದ ಒತ್ತಾಯಕ್ಕೆ ಮಣಿಯದ ವ್ರತವು ಮಕ್ಕಳಿಗಾಗಿ ತಾನಾಗಿ ಬಾಗಿದ ಈ ಗಳಿಗೆಯು, ಪ್ಯಾರಿಸ್ಸಿನ ಆ ತ್ಯಾಗಕ್ಕಿಂತಲೂ ಹಿರಿದೆಂದು ನನಗೆ ತೋರುತ್ತದೆ. ಶಿಬಿರದ ವಿಮೋಚನೆಗೆ ಸುಮಾರು ಆರು ತಿಂಗಳು ಮೊದಲು, 1945ರ ಫೆಬ್ರವರಿ 21ರಂದು, ಮಿದುಳಿನ ಗಡ್ಡೆಯಿಂದ ಅವರು ಅಲ್ಲಿಯೇ ನಿಧನರಾದರು.